ಅಕ್ಕನ ಸೈಕಲ್ ದೀಪ

ಒಂದು ಮಂಗಳವಾರ ಕೆಲಸ ಮುಗಿಸಿಕೊಂಡು ಅಕ್ಕ ನನ್ನ ಸೈಕಲ್ ಅಂಗಡಿಗೆ ಬಂದಳು. ಗಿರಾಕಿಗಳು ಕೂರುವ ಸ್ಟೂಲಿನ ಮೇಲಿದ್ದ ಹಳೇ ಟ್ಯೂಬುಗಳನ್ನು ಕೆಳಗಿಟ್ಟು, ತಾನು ಕೂತು, "ನನಗೊಂದು ದೀಪ ಬೇಕು ಕಣೋ. ಸೈಕಲ್ಲಿಗೆ. ರಾತ್ರಿ ಹೊತ್ತು ಹೊಡೀಬೇಕು," ಅಂದಳು.

ನಾನು ಒಂದು ಹಿಂಚಕ್ರದ ಸೊಟ್ಟ ತೆಗೆಯುತ್ತಿದ್ದೆ. ನಗು ತಡೆಯಲಾಗಲಿಲ್ಲ. ನಕ್ಕು ತಲೆಯೆತ್ತಿ ನೋಡಿದರೆ ಅವಳು ನಗುತ್ತಿರಲಿಲ್ಲ. ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು, ದಂತವೈದ್ಯರ ಕೋಣೆಯ ಹೊರಗೆ ಕಾಯುವವರ ಹಾಗೆ ಕೂತಿದ್ದಳು. ನಾನು ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದೆ.

ನಗು ಬಂದದ್ದಕ್ಕೆ ಕಾರಣ ಹೇಳಬೇಕು. ಅಕ್ಕನಿಗೆ ಹುಟ್ಟಿನಿಂದಲೇ ಇರುಳುಗಣ್ಣು. ಹಗಲಲ್ಲಿ ಅವಳ ದೃಷ್ಟಿ ನನಗಿಂತ ಚುರುಕು. ಸೂಜಿಗೆ ದಾರ ಪೋಣಿಸುವುದಕ್ಕೆ ಇವತ್ತಿಗೂ ಕನ್ನಡಕ ಹಾಕುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಮಾತ್ರ ಅವಳ ಪಾಲಿಗೆ ಅಂಗಳವಿಲ್ಲ, ಗೇಟಿಲ್ಲ, ರಸ್ತೆಯಿಲ್ಲ. ಶಾಲೆಯಲ್ಲಿ ಅವಳನ್ನು 'ಕೋಳಿ' ಅಂತ ಕರೆಯುತ್ತಿದ್ದರು, ಸಂಜೆಯಾದರೆ ಗೂಡು ಸೇರುತ್ತಾಳೆ ಅಂತ. ಆಟ ಅರ್ಧಕ್ಕೆ ಬಿಟ್ಟು ಅವಳು ಹೊರಟರೆ ನಮಗೆಲ್ಲ ಹೊತ್ತಾಯಿತು ಅಂತ ಗೊತ್ತಾಗುತ್ತಿತ್ತು. ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಆದರೂ ಕತ್ತಲಾದ ಮೇಲೆ ನನ್ನ ಭುಜದ ಮೇಲೆ ಅವಳ ಕೈ ಇರುತ್ತಿತ್ತು. ಮೆಟ್ಟಿಲು ಬಂದರೆ ನಾನು "ಮೇಲೆ" ಅನ್ನಬೇಕು, ಹೊಂಡ ಬಂದರೆ "ಎಡಕ್ಕೆ" ಅನ್ನಬೇಕು. ಒಮ್ಮೆ ಸಿಟ್ಟಿನಲ್ಲಿ ಹೊಂಡವಿದ್ದರೂ ಬಾಯಿ ಮುಚ್ಚಿಕೊಂಡಿದ್ದೆ. ಅದರ ಗುರುತು ಅವಳ ಹುಬ್ಬಿನ ಮೇಲೆ ಈಗಲೂ ಇದೆ. ಅವಳು ಆ ವಿಷಯ ಎತ್ತಿ ಆಡಿದವಳಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅವಳು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ರಿಪೇರಿ ಮಾಡುವವಳು. ಮೂರನೇ ಮಹಡಿಯ ಕಿಟಕಿಯ ಪಕ್ಕ ಅವಳ ಮೇಜು. ಹಳೇ ಹೊಲಿಗೆ ಬಿಚ್ಚಿ, ಪುಟಗಳನ್ನು ಜೋಡಿಸಿ, ಹೊಸ ದಾರದಲ್ಲಿ ಹೊಲಿದು, ರಟ್ಟು ಕಟ್ಟಿ, ಭಾರದ ಕೆಳಗೆ ಒಣಗಲು ಇಡುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಸೈಕಲ್ಲಿನಲ್ಲಿ ಹೋಗಿ, ನಾಲ್ಕಕ್ಕೆ ವಾಪಸ್. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಸಂಜೆ ಒಬ್ಬಳೇ ಹೊರಗೆ ಉಳಿದವಳಲ್ಲ. ಉಳಿದರೆ ಭಾವ ಜೊತೆಗಿರಬೇಕು, ಅವರ ಮೊಣಕೈ ಹಿಡಿದುಕೊಂಡು ಬರಬೇಕು.

"ಏನಾಯ್ತು?" ಅಂತ ಕೇಳಿದೆ.

"ಕಾಲುವೆ ಆಚೆ ತರಬೇತಿ ಶಾಲೆ ಇದೆಯಲ್ಲ, ಅಲ್ಲಿ ಬೈಂಡಿಂಗ್ ಕಲಿಸೋಕೆ ಕರೆದಿದಾರೆ. ಮಂಗಳವಾರ, ಶುಕ್ರವಾರ. ಆರರಿಂದ ಎಂಟು. ಕೆಲಸಕ್ಕೆ ಹೋಗೋ ಜನ ಕಣೋ, ಅವರಿಗೆ ಸಂಜೆ ಬಿಟ್ರೆ ಬೇರೆ ಹೊತ್ತಿಲ್ಲ."

"ಭಾವ ಕರ್ಕೊಂಡು ಬರಲ್ವಾ?"

"ಅವರಿಗೆ ಹಾಸ್ಟೆಲಲ್ಲಿ ಇನ್ನೂರು ಜನಕ್ಕೆ ಅಡುಗೆ. ಎಂಟು ಗಂಟೆಗೆ ಸೌಟು ಬಿಟ್ಟು ಬರೋಕಾಗುತ್ತಾ?" ಅಂದಳು. "ಇದಕ್ಕಿಂತ ಮುಂಚೆ ಮೂರು ಸಲ ಕರೆದಿದ್ರು. ಮೂರು ಸಲಾನೂ ಮೈ ಸರಿಯಿಲ್ಲ ಅಂದೆ. ನಾಲ್ಕನೇ ಸಲ ಅದೇ ಸುಳ್ಳು ಹೇಳೋಕೆ ನಾಚಿಕೆ ಆಯ್ತು."

ನಾನು ಮೊದಲು ಕಣ್ಣಿನ ಡಾಕ್ಟರನ್ನು ಕೇಳೋಣ ಅಂದೆ. ಅವಳು ಚೀಲದಿಂದ ಒಂದು ಚೀಟಿ ತೆಗೆದು ಕೌಂಟರಿನ ಮೇಲಿಟ್ಟಳು. ಆಗಲೇ ಹೋಗಿ ಬಂದಿದ್ದಳು. ಡಾಕ್ಟರಮ್ಮ ಹೇಳಿದ್ದು ಇಷ್ಟು: ಈ ತೊಂದರೆ ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಬೆಳಕು ಸಾಕಷ್ಟು ಇದ್ದ ಕಡೆ ನಿಮ್ಮ ಕಣ್ಣು ಎಲ್ಲರ ಕಣ್ಣಿನ ಹಾಗೇ ಕೆಲಸ ಮಾಡುತ್ತೆ. ಹಾಗಾಗಿ ಬೆಳಕನ್ನು ಜೊತೆಗೆ ಒಯ್ಯಿರಿ. ಗಾಡಿಗಳು ಓಡಾಡುವ ದೊಡ್ಡ ರಸ್ತೆ ಬೇಡ. ಮೊದಮೊದಲು ಒಬ್ಬರೇ ಹೋಗಬೇಡಿ.

"ನೋಡಿದ್ಯಾ? ಬೆಳಕು ಒಯ್ಯಿರಿ ಅಂದ್ರು. ಇಷ್ಟು ಸುಲಭದ ಮಾತು ನನಗೆ ನಲವತ್ತೇಳು ವರ್ಷ ಯಾರೂ ಹೇಳಿರಲಿಲ್ಲ," ಅಂದಳು ಅಕ್ಕ.

ನಾನೂ ಹೇಳಿರಲಿಲ್ಲ. ಹದಿನೆಂಟು ವರ್ಷದಿಂದ ಸೈಕಲ್ ದೀಪ ಮಾರುತ್ತಿರುವವನು ನಾನು.

ದೀಪ ಕೊಳ್ಳಲು ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಡಬ್ಬಿಯ ಮೇಲಿನ ಲೂಮೆನ್ ಸಂಖ್ಯೆ ನೋಡುತ್ತಾರೆ. ದೀಪ ಒಟ್ಟು ಎಷ್ಟು ಬೆಳಕು ಉಗುಳುತ್ತದೆ ಅನ್ನುವ ಲೆಕ್ಕ ಅದು. ಸಂಖ್ಯೆ ದೊಡ್ಡದಾದಷ್ಟೂ ದೀಪ ಒಳ್ಳೆಯದು ಅಂತ ಅವರ ನಂಬಿಕೆ. ಅಕ್ಕನೂ ಅದನ್ನೇ ಕೇಳಿದಳು. "ಎಲ್ಲಕ್ಕಿಂತ ಜೋರಾದ್ದು ಯಾವುದಿದೆ?" ನನಗೂ ಅವಳ ಮಟ್ಟಿಗೆ ಅದೇ ಸರಿ ಅನ್ನಿಸಿತು. ಡೈನಮೊ ದೀಪದ ಯೋಚನೆಯನ್ನು ಮೊದಲೇ ಬಿಟ್ಟೆವು. ಪೆಡಲ್ ನಿಧಾನವಾದರೆ ಅದು ಮಂಕಾಗುತ್ತದೆ, ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತಿಗೆ ಆರಿಯೇ ಹೋಗುತ್ತದೆ. ಬೇರೆಯವರಿಗಾದರೆ ದೀಪ ಆರುತ್ತದೆ ಅಷ್ಟೇ. ಅವಳಿಗೆ ಕಾಲ ಕೆಳಗಿನ ನೆಲವೇ ಹೋದಂತೆ. ಚಾರ್ಜ್ ಮಾಡುವಂಥದ್ದೇ ಬೇಕು, ನಿಂತರೂ ಉರಿಯುವಂಥದ್ದು.

ಮೂರು ದೀಪ ಆಯ್ದುಕೊಂಡೆ. ಆ ಸಂಜೆ ಅಂಗಡಿಯ ಶಟರ್ ಎಳೆದು, ಮೂರನ್ನೂ ಚೀಲಕ್ಕೆ ಹಾಕಿಕೊಂಡು, ಇಬ್ಬರೂ ಕಾಲುವೆ ದಾರಿಗೆ ಹೋದೆವು. ಸೈಕಲ್ಲಿನವರು, ನಡೆಯುವವರು ಮಾತ್ರ ಬಳಸುವ ದಾರಿ ಅದು. ಒಂದು ಕಡೆ ನೀರು, ಕಬ್ಬಿಣದ ಬೇಲಿ. ಇನ್ನೊಂದು ಕಡೆ ಯಾರೂ ಕಟ್ಟಡ ಕಟ್ಟದೆ ಬಿಟ್ಟ ದೊಡ್ಡ ಹುಲ್ಲಿನ ಬಯಲು. ದಾರಿಯುದ್ದಕ್ಕೂ ಬೀದಿದೀಪವಿಲ್ಲ. ಶಾಲೆಯಿಂದ ಅಕ್ಕನ ಮನೆಗೆ ಹತ್ತಿರ ಹತ್ತಿರ ಮೂರು ಕಿಲೋಮೀಟರ್.

ಕತ್ತಲಾಗುವವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಬಯಲಿನ ಬಣ್ಣ ಬೂದಿಯಾಗುತ್ತಿದ್ದಂತೆ ಅಕ್ಕನ ಕೈ ತಾನಾಗಿ ನನ್ನ ತೋಳಿಗೆ ಬಂತು.

"ಹೋಯ್ತಾ?" ಅಂದೆ.

"ಹೋಯ್ತು."

"ನಿನಗೆ ಈಗ ಕಪ್ಪಾಗಿ ಕಾಣುತ್ತಾ?" ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿರಲಿಲ್ಲ.

ಅವಳು ಯೋಚಿಸಿದಳು. "ಕಪ್ಪು ಅಂತಲ್ಲ ಕಣೋ. ಈಗ ನಿನ್ನ ಬೆನ್ನ ಹಿಂದೆ ನಿನಗೆ ಏನು ಕಾಣ್ತಿದೆ ಹೇಳು. ಹಾಗೆ."

ಮೊದಲನೆಯ ದೀಪವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಹಚ್ಚಿದೆ. ಅಂಗಡಿಯಲ್ಲಿದ್ದ ದೀಪಗಳಲ್ಲೇ ಭರ್ಜರಿಯಾದದ್ದು, ಸಾವಿರದ ಆರು ನೂರು ಲೂಮೆನ್. ದೂರದ ಸೇತುವೆಯ ಕಂಬದವರೆಗೆ ಬೆಳಕಿನ ಕೋಲು ಹೋಗಿ ನಿಂತಿತು. ನನಗಂತೂ ಖುಷಿಯಾಯಿತು. ಅಕ್ಕ ಹತ್ತು ಮಾರು ಹೊಡೆದು ಬ್ರೇಕ್ ಹಾಕಿದಳು.

"ಬೇಡ. ಬಾವಿಯೊಳಗೆ ಕೂತು ಮೇಲೆ ನೋಡಿದ ಹಾಗಿದೆ. ಮಧ್ಯದಲ್ಲಿ ಸುಣ್ಣ ಬಳಿದಂಗೆ ಬೆಳ್ಳಗೆ, ಪಕ್ಕದಲ್ಲಿ ಏನೂ ಇಲ್ಲ. ದಾರಿ ಅಂಚು ಎಲ್ಲಿದೆ, ನೀರು ಎಲ್ಲಿದೆ, ಒಂದೂ ಗೊತ್ತಾಗಲ್ಲ."

ಅಷ್ಟರಲ್ಲಿ ಎದುರಿನಿಂದ ಸೈಕಲ್ಲಿನಲ್ಲಿ ಬಂದ ಒಬ್ಬರು ಮುಖಕ್ಕೆ ಕೈ ಅಡ್ಡ ಹಿಡಿದು ಇಳಿದೇಬಿಟ್ಟರು. "ಏನ್ರೀ ಇದು! ರೈಲು ಬಂತೇನೋ ಅಂದ್ಕೊಂಡೆ. ಬೇರೆಯವರ ಕಣ್ಣು ಕಣ್ಣಲ್ವಾ?"

ಅಕ್ಕನ ಮುಖ ಬಾಡಿತು. "ತಪ್ಪಾಯ್ತು, ಈಗ ಆರಿಸ್ತೀನಿ," ಅಂದಳು. ಆರಿಸಿದರೆ ತಾನೇ ಎಲ್ಲಿದ್ದೇನೆ ಅಂತ ಅವಳಿಗೆ ತಿಳಿಯುವುದಿಲ್ಲ. ಆದರೂ ಆರಿಸಿದಳು. ಅವರು ದಾಟಿ ಹೋಗುವವರೆಗೆ ಹ್ಯಾಂಡಲ್ ಬಿಗಿಯಾಗಿ ಹಿಡಿದು ಕಲ್ಲಿನ ಹಾಗೆ ನಿಂತಿದ್ದಳು. ಆಮೇಲೆ, "ನಾನು ನೋಡೋಕೆ ಹೋಗಿ ಇನ್ನೊಬ್ಬರನ್ನ ಕುರುಡು ಮಾಡೋ ದೀಪ ನನಗೆ ಬೇಡ," ಅಂದಳು. ಬೇಡ ಅಂದರೆ ಬೇಡ. ಆ ದೀಪ ಚೀಲಕ್ಕೆ ಹೋಯಿತು.

ಎರಡನೆಯದು ಮೇಲಂಚು ಕತ್ತರಿಸಿದಂಥ ಬೆಳಕಿನದು. ಕಾರಿನ ದೀಪದ ಹಾಗೆ ಬೆಳಕನ್ನು ನೆಲಕ್ಕೆ ಹಾಸುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ. ಇದು ಅವಳಿಗೆ ಹಿಡಿಸಿತು. "ಬ್ಲೇಡಲ್ಲಿ ಟ್ರಿಮ್ ಮಾಡಿದ ಪುಟದ ಹಾಗೆ ನೇರವಾಗಿದೆ," ಅಂದಳು. ಆದರೆ ತಿರುವಿನಲ್ಲಿ ಸಾಲಲಿಲ್ಲ. ಹಾಸು ಕಿರಿದು. ಅವಳು ಹ್ಯಾಂಡಲ್ ತಿರುಗಿಸುವ ಮುಂಚೆ ದಾರಿ ತಿರುಗಿಬಿಟ್ಟಿರುತ್ತಿತ್ತು. ಒಂದು ಸಲ ಬೇಲಿಗೆ ಮೊಣಕಾಲು ತಾಗಿಸಿಕೊಂಡಳು. ಬೈದುಕೊಂಡು, ಉಜ್ಜಿಕೊಂಡು, "ಮುಂದಿನದು ತೆಗಿ," ಅಂದಳು.

ಮೂರನೆಯದನ್ನು ನಾನು ಸುಮ್ಮನೆ ತಂದಿದ್ದೆ. ಎಂಟು ನೂರು ಲೂಮೆನ್. ಒಂದು ವರ್ಷದಿಂದ ಕಪಾಟಿನಲ್ಲೇ ಇತ್ತು. ಸಂಖ್ಯೆ ನೋಡಿ ಯಾರೂ ಮುಟ್ಟುತ್ತಿರಲಿಲ್ಲ. ಅದರ ಗಾಜಿನಲ್ಲಿ ಸಣ್ಣ ಸಣ್ಣ ಗೆರೆಗಳಿದ್ದವು. ಬೆಳಕು ಆ ಗೆರೆಗಳಲ್ಲಿ ಒಡೆದು ಅಗಲವಾಗಿ, ಚಾಪೆ ಬಿಚ್ಚಿದ ಹಾಗೆ ನೆಲದ ಮೇಲೆ ಬಿತ್ತು. ಚುಚ್ಚುವ ಬಿಳಿಯಲ್ಲ, ಕೊಂಚ ಹಳದಿ. ದಾರಿಯ ಎರಡೂ ಅಂಚು, ಬೇಲಿಯ ಬುಡ, ಆಚೆ ಒಂದಿಷ್ಟು ಹುಲ್ಲು ಎಲ್ಲ ಒಟ್ಟಿಗೆ ಎದ್ದು ಬಂದವು. ಕತ್ತಲು ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಎಳೆಯಲು ಆಗುತ್ತಿರಲಿಲ್ಲ.

ಅಕ್ಕ ಪೆಡಲ್ ಮೇಲೆ ಕಾಲಿಟ್ಟವಳು ಹೊರಡಲಿಲ್ಲ.

"ಏನಾಯ್ತೇ?"

"ಹುಲ್ಲು," ಅಂದಳು. "ಹುಲ್ಲು ಹಸಿರಾಗಿದೆ."

"ಹುಲ್ಲು ಹಸಿರಾಗಿರದೆ ಮತ್ತೆ?"

"ರಾತ್ರಿ ಹೊತ್ತೂ ಹಸಿರಾಗೇ ಇರುತ್ತಾ?"

ಅವಳು ನಿಧಾನವಾಗಿ ಹೊರಟಳು. ನಾನು ಹಿಂದೆ ಹೊರಟೆ. ಸ್ವಲ್ಪ ದೂರ ಹೋಗಿ ನಿಲ್ಲುತ್ತಾಳೆ, ನೋಡುತ್ತಾಳೆ, ಮತ್ತೆ ಹೋಗುತ್ತಾಳೆ. ದಾರಿಯಲ್ಲಿ ಬಿದ್ದ ಒಂದೊಂದು ಜಲ್ಲಿಕಲ್ಲಿಗೂ ಉದ್ದನೆಯ ನೆರಳಿತ್ತು. ಸೈಕಲ್ ಹತ್ತಿರವಾದಂತೆ ಆ ನೆರಳುಗಳೆಲ್ಲ ಒಟ್ಟಿಗೆ ಗಿಡ್ಡವಾಗಿ ಪಕ್ಕಕ್ಕೆ ತಿರುಗುತ್ತಿದ್ದವು. ನನಗೆ ಅದು ದಿನನಿತ್ಯದ ವಿಷಯ. ಅವಳಿಗೆ ಅಲ್ಲ. "ಕಲ್ಲುಗಳು ದಾರಿ ಬಿಡ್ತಿವೆ ನೋಡು!" ಅಂದಳು. ಒಂದು ಬಸವನಹುಳು ದಾರಿ ದಾಟುತ್ತಿತ್ತು. ಅದರ ಹಿಂದೆ ಒದ್ದೆ ಗೆರೆ ಹೊಳೆಯುತ್ತಿತ್ತು. ಅವಳು ಸೈಕಲ್ಲಿನ ಮೇಲೆ ಕೂತೇ, ಬೇಲಿ ಹಿಡಿದುಕೊಂಡು, ಅದು ಪೂರ್ತಿ ದಾಟುವವರೆಗೆ ನೋಡಿದಳು. ಸಣ್ಣ ಬಿಳಿ ಪತಂಗಗಳು ಬೆಳಕಿನೊಳಕ್ಕೆ ಬಂದು, ಹೊಳೆದು, ಹೊರಟು ಹೋಗುತ್ತಿದ್ದವು. ಅವು ಹೋದ ದಿಕ್ಕಿಗೆ ಅಕ್ಕ ಕತ್ತು ತಿರುಗಿಸುತ್ತಿದ್ದಳು.

"ಇದೆಲ್ಲ ದಿನಾ ಇರುತ್ತಾ?" ಅಂತ ಕೇಳಿದಳು.

"ದಿನಾ ಇರುತ್ತೆ."

"ನೀವೆಲ್ಲ ಇದನ್ನ ನೋಡ್ಕೊಂಡು ಸುಮ್ಮನೆ ಮನೆಗೆ ಹೋಗ್ತೀರಾ?"

ಅಲ್ಲಿಗೆ ದೀಪದ ಆಯ್ಕೆ ಮುಗಿಯಿತು.

ಭಾವನನ್ನು ಒಪ್ಪಿಸುವುದು ಬಾಕಿ ಇತ್ತು. ನನ್ನ ಭಾವ ಅಡುಗೆಮನೆಯಲ್ಲಿ ಹುಲಿ, ಮಿಕ್ಕೆಲ್ಲ ಕಡೆ ಹೆದರುಪುಕ್ಕಲ. ದೀಪವನ್ನು ಊಟದ ಮೇಜಿನ ಮೇಲಿಟ್ಟುಕೊಂಡು, ಕೊಳೆತ ತರಕಾರಿ ನೋಡಿದ ಹಾಗೆ ನೋಡಿದರು.

"ಅಲ್ಲಯ್ಯಾ, ಇದು ಅರ್ಧ ದಾರೀಲಿ ಕೈಕೊಟ್ರೆ?"

"ಕೈಕೊಡಲ್ಲ ಭಾವ. ಚಾರ್ಜ್ ಎಷ್ಟಿದೆ ಅಂತ ಇಲ್ಲೇ ತೋರಿಸುತ್ತೆ. ಹಸಿರು, ಹಳದಿ, ಕೆಂಪು. ಪೂರ್ತಿ ಜೋರಲ್ಲಿ ಮೂರು ಗಂಟೆ ಬರುತ್ತೆ, ಅವಳ ದಾರಿ ಇಪ್ಪತ್ತು ನಿಮಿಷ. ಮುಗೀತಾ ಬಂದ್ರೂ ದಢಕ್ ಅಂತ ಆರಲ್ಲ, ತಾನೇ ಬೆಳಕು ಇಳಿಸ್ಕೊಂಡು ಇನ್ನೊಂದು ಗಂಟೆ ಉರಿಯುತ್ತೆ."

"ಮಳೆ ಬಂದ್ರೆ?"

"ನೆನೆದ್ರೂ ಏನಾಗಲ್ಲ."

"ಬಿದ್ದು ಒಡೆದ್ರೆ?"

"ಅದಕ್ಕೇ ಚೀಲದಲ್ಲಿ ಇನ್ನೊಂದು ಚಿಕ್ಕದು ಇಟ್ಟಿರ್ತಾಳೆ."

ಭಾವ ಅಕ್ಕನ ಕಡೆ ತಿರುಗಿದರು. "ನಾನು ಇಲ್ವಾ ನಿನಗೆ? ಇಷ್ಟು ವರ್ಷ ಕರ್ಕೊಂಡು ಬರಲಿಲ್ವಾ?"

"ಕರ್ಕೊಂಡು ಬಂದ್ರಿ. ನೀವು ಕರ್ಕೊಂಡು ಹೋದ ಕಡೆಗೆಲ್ಲ ಹೋದೆ ರೀ," ಅಂದಳು ಅಕ್ಕ. "ನನಗೆ ಬೇಕಾದ ಕಡೆ ಹೋಗಿ ನೋಡ್ಬೇಕು ಅಂತ ಇದೆ. ಅಷ್ಟೇ."

ಅವಳ ದನಿಯಲ್ಲಿ ದೂರಿರಲಿಲ್ಲ. ಅದಕ್ಕೇ ಇರಬೇಕು, ಭಾವ ಎದ್ದು ಹೋಗಿ, ಒಲೆಯ ಮೇಲಿದ್ದದ್ದನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ತಿರುವುತ್ತ ನಿಂತರು. ಮರುದಿನ ಬೆಳಿಗ್ಗೆ ನಾನು ಹೋದಾಗ ಅವರು ಕತ್ತರಿ ಹಿಡಿದು ಕಾಲುವೆ ದಾರಿಗೆ ಹೊರಟಿದ್ದರು. ದಾರಿಗೆ ಬಾಗಿದ ಕೊಂಬೆಗಳನ್ನು ತೆಗೆಯಬೇಕಂತೆ. ಆ ದೀಪ ನೆಲಕ್ಕೆ ಮಾತ್ರ ಬೆಳಕು ಹಾಸುತ್ತದೆ, ತಲೆಯ ಮಟ್ಟದಲ್ಲಿ ಏನಿದೆ ಅಂತ ಅವಳಿಗೆ ಕಾಣುವುದಿಲ್ಲ. ಅದು ನನಗೇ ಹೊಳೆದಿರಲಿಲ್ಲ.

ಮೊದಲ ಮೂರು ತರಗತಿಗಳಿಗೆ ನಾನು ಹಿಂದೆ ಹಿಂದೆ ಹೋದೆ, ಹಿಂದೆ ಹಿಂದೆ ಬಂದೆ. ನಾಲ್ಕನೆಯದಕ್ಕೆ ಅವಳು, "ನಿನಗೆ ಮನೆ ಮಠ ಇಲ್ವಾ?" ಅಂದಳು. ಸರಿ, ಆ ಶುಕ್ರವಾರ ಒಬ್ಬಳೇ ಹೋದಳು.

ಎಂಟೂಮುಕ್ಕಾಲಿಗೆ ನನಗೆ ಫೋನ್ ಬಂತು. ಭಾವ. ಹಿಂದೆ ಪಾತ್ರೆಗಳ ಸದ್ದು.

"ನಿಮ್ಮಕ್ಕ ಮನೆಗೆ ಬಂದಿಲ್ಲ. ಎಂಟೂವರೆಗೆಲ್ಲ ಮನೆಯಿಂದ ಫೋನ್ ಮಾಡ್ತೀನಿ ಅಂದಿದ್ಲು. ರಿಂಗ್ ಆಗ್ತಿದೆ, ಎತ್ತುತ್ತಿಲ್ಲ."

"ತರಗತಿ ತಡವಾಗಿರಬೇಕು ಭಾವ."

"ಶಾಲೆಗೆ ಫೋನ್ ಮಾಡಿದೆ ಕಣಯ್ಯಾ! ಎಂಟೂ ಐದಕ್ಕೇ ಹೊರಟಳಂತೆ!"

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಸೈಕಲ್ ಹತ್ತಿ ಕಾಲುವೆ ದಾರಿಗೆ ಬಂದೆ. ಮೊದಲ ತಿರುವಿನಲ್ಲಿ ಇಲ್ಲ. ಸೇತುವೆಯ ಕೆಳಗೆ ಇಲ್ಲ. ಕಬ್ಬಿಣದ ಬೇಲಿ ಒಂದು ಕಡೆ ಮುರಿದಿತ್ತಲ್ಲ ಅಂತ ನೆನಪಾಯಿತು. ನೀರಿನ ಕಡೆಗೇ ಬೆಳಕು ಬಿಡುತ್ತ ಹೋದೆ. ಎರಡನೆಯ ತಿರುವು ದಾಟಿದ ಮೇಲೆ ದೂರದಲ್ಲಿ ಬೆಳಕು ಕಂಡಿತು. ದಾರಿಯಲ್ಲಲ್ಲ, ಬಯಲಿನೊಳಗೆ. ಸೈಕಲ್ ದೀಪ ಇರಬೇಕಾದ ಎತ್ತರದಲ್ಲಿ ಇರಲಿಲ್ಲ. ನೆಲಕ್ಕೆ ಅಂಟಿಕೊಂಡ ಹಾಗಿತ್ತು. ಅಲುಗಾಡುತ್ತಿರಲಿಲ್ಲ.

"ಅಕ್ಕಾ!" ಅಂತ ಕೂಗಿಕೊಂಡು ಸೈಕಲ್ ಬಿಸಾಡಿ ಓಡಿದೆ.

"ಶ್! ಓಡ್ಬೇಡ್ವೋ! ತುಳೀತೀಯ!" ಅಂದಿತು ಅಕ್ಕನ ದನಿ.

ಅವಳು ಹುಲ್ಲಿನಲ್ಲಿ ಮೊಣಕಾಲೂರಿ, ಮುಂದಕ್ಕೆ ಬಗ್ಗಿ ಕೂತಿದ್ದಳು. ತಲೆಗೆ ಕಟ್ಟಿದ್ದ ಸ್ಕಾರ್ಫಿನೊಳಗೆ, ಕಿವಿಯ ಮೇಲೆ, ದೀಪ ಸಿಕ್ಕಿಸಿಕೊಂಡಿದ್ದಳು. ಅಂಗೈಗಳು ಗ್ರೀಸಿನಿಂದ ಕರ್ರಗಿದ್ದವು. ಕೆನ್ನೆಯ ಮೇಲೂ ಒಂದು ಬರೆ.

"ಏನಾಯ್ತು? ಬಿದ್ದೆಯಾ? ಫೋನ್ ಯಾಕೆ ಎತ್ತಲ್ಲ?"

"ಚೈನ್ ಕಳಚಿಕೊಳ್ತು. ನಾನೇ ಹಾಕಿದೆ," ಅಂದಳು. ಅದನ್ನು ಎಷ್ಟು ಹೆಮ್ಮೆಯಿಂದ ಹೇಳಬೇಕಿತ್ತೋ ಅಷ್ಟು ಹೇಳಲಿಲ್ಲ, ಅವಳ ಗಮನ ಬೇರೆಲ್ಲೋ ಇತ್ತು. "ಎರಡೂ ಕೈ ಬೇಕಲ್ಲ, ಅದಕ್ಕೆ ದೀಪ ಬಿಚ್ಚಿ ತಲೆಗೆ ಸಿಕ್ಕಿಸಿಕೊಂಡೆ. ಚೈನ್ ಹಾಕಿ ಎದ್ದು ನಿಂತು ಈ ಕಡೆ ತಿರುಗಿದೆ. ಫೋನ್ ಸೈಕಲ್ ಹತ್ತಿರ ಚೀಲದಲ್ಲೇ ಉಳೀತು. ಬಾ ಇಲ್ಲಿ. ಮೆಲ್ಲಗೆ. ಕೂತ್ಕೋ."

ಕೂತೆ. ಅವಳು ದೀಪ ತೆಗೆದು ನನ್ನ ಕಣ್ಣಿನ ಪಕ್ಕದಲ್ಲೇ ಹಿಡಿದಳು. "ಈಗ ನೋಡು. ದೂರ ನೋಡು."

ಬಯಲು ತುಂಬ ಚುಕ್ಕಿಗಳಿದ್ದವು.

ಮೊದಲು ಇಬ್ಬನಿ ಅಂದುಕೊಂಡೆ. ಇಬ್ಬನಿ ಹಾಗಿರುವುದಿಲ್ಲ. ತಲೆ ಅಲುಗಿಸಿದರೆ ಅದು ಮಿನುಗುತ್ತದೆ, ಬಣ್ಣ ಬದಲಿಸುತ್ತದೆ. ಇವು ಮಿನುಗುತ್ತಿರಲಿಲ್ಲ. ಹಸಿರು ಬೆರೆತ ನೀಲಿಯಲ್ಲಿ, ಸೂಜಿಮೊನೆಯಷ್ಟು ಚಿಕ್ಕದಾಗಿ, ಸ್ಥಿರವಾಗಿ ಉರಿಯುತ್ತಿದ್ದವು. ಕಾಲ ಬಳಿ ನಾಲ್ಕಾರು, ಮುಂದೆ ಹತ್ತಾರು, ಆಚೆ ಎಣಿಸಲಾಗದಷ್ಟು. ಹುಲ್ಲಿನ ಬುಡದಲ್ಲಿ, ಎಲೆಯ ಅಡಿಯಲ್ಲಿ, ಮಣ್ಣಿನ ಹೆಂಟೆಯ ಮೇಲೆ. ಬೆಳಕು ತಲುಪುವಷ್ಟು ದೂರವೂ ಇದ್ದವು.

"ಏನಿದು?" ಅಂದೆ.

"ಒಂದನ್ನ ಹಿಡ್ಕೋ. ಕಣ್ಣು ಕದಲಿಸದೆ ಹತ್ತಿರ ಹೋಗು."

ಒಂದು ಚುಕ್ಕಿಯನ್ನೇ ನೋಡುತ್ತ ಮೊಣಕಾಲಿನ ಮೇಲೆ ತೆವಳಿದೆ. ಅವಳು ದೀಪ ಹಿಡಿದು ಜೊತೆಗೇ ತೆವಳಿದಳು. ಒಂದು ಗೇಣು ದೂರಕ್ಕೆ ಹೋದಾಗ ಚುಕ್ಕಿಯ ಸುತ್ತ ಒಂದು ಆಕಾರ ಮೂಡಿತು. ಉಗುರಿನಷ್ಟು ಗಾತ್ರದ ಬೂದು ಬಣ್ಣದ ಜೇಡ. ಕಾಲುಗಳನ್ನು ಹರಡಿಕೊಂಡು ನೆಲಕ್ಕೆ ಕೂತು ನಮ್ಮನ್ನೇ ನೋಡುತ್ತಿತ್ತು. ಹೊಳೆಯುತ್ತಿದ್ದದ್ದು ಅದರ ಕಣ್ಣು.

"ಎಲ್ಲವೂನಾ?" ಅಂದೆ.

"ಇಪ್ಪತ್ತಕ್ಕೆ ಇಪ್ಪತ್ತೂ ನೋಡಿದೆ. ಎಲ್ಲವೂ."

ನಾನು ತಲೆಯೆತ್ತಿ ಮತ್ತೆ ಬಯಲು ನೋಡಿದೆ. ಆ ಚುಕ್ಕಿಗಳೆಲ್ಲ ಕಣ್ಣು. ಅಷ್ಟೂ ಜೀವ. ಒಂದೊಂದೂ ತನ್ನ ತನ್ನ ಜಾಗದಲ್ಲಿ, ತನ್ನ ಕೆಲಸದ ಮೇಲೆ, ಸದ್ದಿಲ್ಲದೆ ಕೂತಿತ್ತು. ಮೂವತ್ತು ವರ್ಷದಿಂದ ನಾನು ಈ ದಾರಿಯಲ್ಲಿ ರಾತ್ರಿ ಓಡಾಡಿದ್ದೇನೆ. ನನ್ನ ಬಳಿ ಒಳ್ಳೆಯ ಕಣ್ಣಿತ್ತು, ಅಂಗಡಿ ತುಂಬ ದೀಪವಿತ್ತು. ಒಂದು ದಿನ ಒಂದು ಚುಕ್ಕಿಯನ್ನೂ ಕಂಡಿರಲಿಲ್ಲ. ದೀಪವನ್ನು ಅವಳಿಂದ ತೆಗೆದುಕೊಂಡು ಕೆಳಗೆ ಹಿಡಿದು ನೋಡಿದೆ. ಬಯಲು ಬರೀ ಹುಲ್ಲಾಯಿತು. ಮತ್ತೆ ಕಣ್ಣಿನ ಪಕ್ಕಕ್ಕೆ ತಂದೆ. ಎಲ್ಲವೂ ಒಮ್ಮೆಲೇ ಹೊತ್ತಿಕೊಂಡವು. ಆ ಕಣ್ಣುಗಳು ಬೆಳಕನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ದೀಪವೂ ನಮ್ಮ ಕಣ್ಣೂ ಒಂದೇ ಕಡೆ ಇದ್ದರೆ ಮಾತ್ರ ಅದು ನಮಗೆ ಸಿಗುತ್ತದೆ. ಹ್ಯಾಂಡಲ್ಲಿನ ಮೇಲಿದ್ದ ದೀಪಕ್ಕೆ ಅವು ಇಷ್ಟು ವರ್ಷ ಉತ್ತರ ಕೊಡುತ್ತಲೇ ಇದ್ದವು, ಆ ಉತ್ತರ ನನ್ನ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು.

"ಆಕಾಶದಲ್ಲಿ ನಕ್ಷತ್ರ ಅಂತಾರಲ್ಲ, ಹೀಗೇ ಇರುತ್ತಾ?" ಅಂತ ಅಕ್ಕ ಕೇಳಿದಳು.

ಅವಳು ನಕ್ಷತ್ರ ಕಂಡವಳಲ್ಲ. ಅಷ್ಟು ಸಣ್ಣ ಬೆಳಕು ಅವಳ ಕಣ್ಣಿಗೆ ಹತ್ತುವುದಿಲ್ಲ. ಯಾವ ದೀಪ ಕೊಂಡರೂ ಅಲ್ಲಿಗೆ ಮುಟ್ಟುವುದಿಲ್ಲ. ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ.

"ಅಲ್ಲಿ ಇಷ್ಟು ಒತ್ತಾಗಿಲ್ಲ ಅಕ್ಕ," ಅಂದೆ.

ಅವಳು ನನ್ನ ಕೈಯಿಂದ ದೀಪ ತೆಗೆದುಕೊಂಡು ಮತ್ತೆ ತನ್ನ ಕಣ್ಣಿನ ಪಕ್ಕ ಹಿಡಿದಳು.

ದಾರಿಯಲ್ಲಿ ಧಡಧಡ ಹೆಜ್ಜೆ ಸದ್ದು. ಭಾವ ಹಾಸ್ಟೆಲಿನಿಂದ ಓಡಿಯೇ ಬಂದಿದ್ದರು. ಸೊಂಟದಲ್ಲಿ ಏಪ್ರನ್, ಕೈಯಲ್ಲಿ ಟಾರ್ಚ್, ಉಸಿರು ಬಾಯಲ್ಲಿ. ಅಕ್ಕನ ಮೇಲೆ ಟಾರ್ಚ್ ಬಿಟ್ಟು, ಕೆನ್ನೆಯ ಕಪ್ಪು ನೋಡಿ, "ಬಿದ್ಲು! ನಾನು ಹೇಳಲಿಲ್ವಾ? ನಾನು ಹೇಳಲಿಲ್ವಾ?" ಅಂತ ಬಡಬಡಿಸಿದರು. ಅವಳು ಬಿದ್ದಿಲ್ಲ ಅಂತ ತಿಳಿದ ಮೇಲೆ ಸಿಟ್ಟು ಇನ್ನೂ ಜೋರಾಯಿತು. "ನನ್ನ ಜೀವ ತಿನ್ನೋಕೆ ಹುಟ್ಟಿದೀರ ಅಕ್ಕ ತಮ್ಮ! ಇನ್ನೂರು ಜನದ ಊಟ ಬಿಟ್ಟು ಬಂದೆ! ಇಲ್ಲಿ ಹುಲ್ಲು ಮೇಯ್ತಿದೀರಾ?"

ಅಕ್ಕ ಅವರ ಕೈಯಿಂದ ಟಾರ್ಚ್ ತೆಗೆದು ಆರಿಸಿದಳು. "ರೀ, ಕೂತ್ಕೊಳ್ಳಿ," ಅಂದಳು.

"ನಾನು ಕೂರಲ್ಲ."

"ಕೂತ್ಕೊಳ್ಳಿ ಅಂದೆ."

ಕೂತರು. ಅವಳು ಅವರ ಕಿವಿಯ ಮೇಲೆ ದೀಪ ಹಿಡಿದಳು. ಭಾವ ಇನ್ನೊಂದು ಬೈಗುಳಕ್ಕೆ ಬಾಯಿ ತೆರೆದವರು ಹಾಗೇ ಉಳಿದರು. ನಾನು ಅವರನ್ನು ಬಲ್ಲ ಇಪ್ಪತ್ತೆರಡು ವರ್ಷದಲ್ಲಿ ಅವರ ಬಾಯಿ ತೆರೆದೂ ಮಾತು ಬಾರದೆ ಇದ್ದದ್ದು ಅದೊಂದೇ ಸಲ.

"ಗಾಜಿನ ಚೂರಾ?" ಅಂದರು ಕೊನೆಗೆ, ಪಿಸುದನಿಯಲ್ಲಿ.

"ಕಣ್ಣು. ಜೇಡದ ಕಣ್ಣು."

ಭಾವನಿಗೆ ಜೇಡ ಅಂದರೆ ಆಗದು. ಅಡುಗೆಮನೆಯಲ್ಲಿ ಒಂದು ಕಂಡರೆ ಕುರ್ಚಿ ಹತ್ತುವವರು. ನಾನು ಅವರು ಎದ್ದು ಓಡುತ್ತಾರೆ ಅಂತ ಕಾದೆ. ಅವರು ಏಪ್ರನ್ನನ್ನು ಮೊಣಕಾಲ ಕೆಳಗೆ ಸರಿಮಾಡಿಕೊಂಡು ಇನ್ನಷ್ಟು ಬಗ್ಗಿದರು.

"ಅಲ್ಲಿ ನೋಡೇ," ಅಂದರು. "ಆ ಒಂದು ನಡೀತಿದೆ. ಅದು ಬೇರೆ ಥರ ಇದೆ."

ದೀಪದ ಪಕ್ಕಕ್ಕೆ ತಲೆ ಒತ್ತಿ ನಾವೂ ನೋಡಿದೆವು. ಎರಡು ಮಾರು ದೂರದಲ್ಲಿ ಒಂದು ಚುಕ್ಕಿ ನಿಧಾನವಾಗಿ ಹುಲ್ಲು ದಾಟುತ್ತಿತ್ತು. ಅದು ಒಂದೇ ಚುಕ್ಕಿಯಾಗಿರಲಿಲ್ಲ. ಮುಂದೆ ಒಂದು ದೊಡ್ಡದು, ಅದರ ಹಿಂದೆ ಹಿಟ್ಟು ಉದುರಿಸಿದಂತೆ ಅತಿ ಸಣ್ಣ ಹೊಳಪುಗಳ ಒಂದು ಗುಪ್ಪೆ. ಮೂವರೂ ಮೊಣಕಾಲಿನ ಮೇಲೆ ಅದರ ಹತ್ತಿರ ಹೋದೆವು. ತಾಯಿ ಜೇಡ. ಬೆನ್ನ ಮೇಲೆ ಮರಿಗಳನ್ನು ಹೊತ್ತುಕೊಂಡಿತ್ತು. ಎಷ್ಟಿದ್ದವೋ, ಒಂದರ ಮೇಲೊಂದು, ಕಾಲಿಗೆ ಕಾಲು ಹೆಣೆದುಕೊಂಡು ಕೂತಿದ್ದವು. ಒಂದೊಂದರ ತಲೆಯಲ್ಲೂ ಕಣ್ಣಿತ್ತು, ಒಂದೊಂದು ಕಣ್ಣೂ ನಮ್ಮ ದೀಪವನ್ನು ಹಿಂದಕ್ಕೆ ಕೊಡುತ್ತಿತ್ತು. ಅದು ನಡೆದರೆ ಬೆನ್ನಿನ ಆ ಹೊಳೆಯುವ ರಾಶಿಯೂ ಅಲುಗಿ ಸರಿಯುತ್ತಿತ್ತು. ಒಂದು ಮರಿ ಜಾರಿ ಹುಲ್ಲಿನ ಎಲೆಯ ಮೇಲೆ ಬಿತ್ತು. ತಾಯಿ ನಿಂತಿತು. ಮರಿ ಎಲೆಯಿಂದ ಅದರ ಕಾಲಿಗೆ, ಕಾಲಿನಿಂದ ಬೆನ್ನಿಗೆ ಹತ್ತಿ ಗುಂಪು ಸೇರಿತು. ಆಮೇಲೆ ತಾಯಿ ಹೊರಟಿತು.

ಭಾವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡದವನ ಹಾಗೆ ಮುಖ ತಿರುಗಿಸಿದೆ.

ಅಕ್ಕ ದೀಪದ ಗುಂಡಿ ಒತ್ತಿ ಬೆಳಕನ್ನು ಒಂದು ಹಂತ ಇಳಿಸಿದಳು. "ಪಾಪ, ಅದರ ಕಣ್ಣಿಗೂ ಚುಚ್ಚುತ್ತೆ," ಅಂದಳು. ಇನ್ನೊಂದು ಹಂತ ಇಳಿಸಿದಳು. ಆಮೇಲೆ ಆರಿಸಿಯೇಬಿಟ್ಟಳು.

ಕತ್ತಲಾಯಿತು. ಭಾವ ಅಭ್ಯಾಸಬಲದಿಂದ ಮೊಣಕೈ ಮುಂದೆ ಮಾಡಿದ್ದು ನನಗೆ ಕಂಡಿತು. ಅಕ್ಕ ಅದನ್ನು ಹಿಡಿಯಲಿಲ್ಲ. ಅವಳಿಗೆ ಅದು ಕಂಡಿರಲೂ ಇಲ್ಲ. ದೀಪವನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು, ನೆಮ್ಮದಿಯಾಗಿ ಕೂತಿದ್ದಳು. ಏನೂ ಕಾಣದ ಆ ಬಯಲಿನ ಕಡೆಗೇ ಮುಖ ಮಾಡಿಕೊಂಡಿದ್ದಳು. ಹುಲ್ಲಿನಲ್ಲಿ ಹುಳುಗಳ ಸದ್ದು. ಆಚೆ ಕಾಲುವೆಯ ನೀರು ಹರಿಯುವ ಸದ್ದು.

"ಈಗ್ಲೂ ಎಲ್ಲ ಅಲ್ಲೇ ಇವೆ ಅಲ್ವಾ?" ಅಂದಳು.

"ಅಲ್ಲೇ ಇವೆ," ಅಂದರು ಭಾವ.

ಮುಂದಿನ ಶುಕ್ರವಾರ ತರಗತಿ ಮುಗಿದ ಮೇಲೆ ಅವಳ ಹನ್ನೊಂದು ವಿದ್ಯಾರ್ಥಿಗಳೂ ಕಾಲುವೆ ದಾರಿಗೆ ಬಂದರು. ಬ್ಯಾಂಕಿನ ಗುಮಾಸ್ತೆ, ಇಬ್ಬರು ನರ್ಸಮ್ಮಂದಿರು, ನಿವೃತ್ತ ಬಸ್ ಚಾಲಕ, ಎಲ್ಲ ದೊಡ್ಡವರೇ. ಒಬ್ಬೊಬ್ಬರ ಕಿವಿಯ ಮೇಲೂ ಒಂದೊಂದು ದೀಪ. ನನ್ನ ಕಪಾಟಿನಲ್ಲಿ ಉಳಿದಿದ್ದ ದೀಪಗಳನ್ನೆಲ್ಲ ಅಕ್ಕ ಕೇಳದೆ ಚೀಲಕ್ಕೆ ತುಂಬಿಕೊಂಡು ಹೋಗಿದ್ದಳು. ಅಂಗಡಿ ಮುಚ್ಚಿ ನಾನು ಅಲ್ಲಿಗೆ ಹೋದಾಗ ಅವರೆಲ್ಲ ಬಯಲಿನಲ್ಲಿ ಅಲ್ಲಲ್ಲಿ ಮೊಣಕಾಲೂರಿ ಕೂತಿದ್ದರು. ಅವರ ನಡುವೆ ಅಕ್ಕ ಬಗ್ಗಿಕೊಂಡು, ಪಾಠ ಹೇಳುವ ದನಿಯಲ್ಲಿ, "ಹೆಜ್ಜೆ ನೋಡ್ಕೊಂಡು ಇಡಿ, ಅವಸರ ಬೇಡ," ಅನ್ನುತ್ತ ಒಬ್ಬರಿಂದ ಒಬ್ಬರ ಬಳಿಗೆ ಹೋಗುತ್ತಿದ್ದಳು.